ನೆಗೆಣ್ಣಿಯ ಶೇಂಗಾ ಬೆಣ್ಣೆ

ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆ ಎಂದರೆ ನಾನು. ಜಂಬ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಮುಂಡರಗಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಲಗ್ನವಿರಲಿ, ತೊಟ್ಟಿಲಿರಲಿ, ಮಗಳನ್ನು ಗಂಡನ ಮನೆಗೆ ಕಳಿಸುವ ಬುತ್ತಿಯಿರಲಿ, ಹಿಂದಿನ ದಿನ ಯಾರಾದರೊಬ್ಬರು ಬಂದು ಬಾಗಿಲಲ್ಲಿ ನಿಂತು, ಹೂರಣ ಒಂದನ್ನು ನೀವು ಮಾಡಿಕೊಡಿ, ಲಟ್ಟಿಸುವುದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಕೇಳಿಯೇ ಕೇಳುತ್ತಾರೆ. ನಾನು ಮೊದಲು ಕೆಲಸವಿದೆ ಅನ್ನುತ್ತೇನೆ. ಅವರು ಇನ್ನೊಂದು ಸಲ ಕೇಳುತ್ತಾರೆ. ಆಮೇಲೆ ಹೋಗುತ್ತೇನೆ. ಆ ಎರಡನೆಯ ಸಲ ಕೇಳಿಸಿಕೊಳ್ಳುವುದರಲ್ಲಿ ಎಂಥ ಸುಖವಿದೆ ಎನ್ನುವುದು ಅಡುಗೆಯಲ್ಲಿ ಹೆಸರು ಮಾಡಿದವರಿಗಷ್ಟೇ ಗೊತ್ತು.

ಶೇಂಗಾ ಹೋಳಿಗೆಯ ಗುಟ್ಟು ಬೆಲ್ಲದಲ್ಲಿಲ್ಲ, ತುಪ್ಪದಲ್ಲೂ ಇಲ್ಲ. ಅದು ಇರುವುದು ನಿಲ್ಲಿಸುವುದರಲ್ಲಿ. ಸಣ್ಣ ಉರಿಯಲ್ಲಿ ಶೇಂಗಾ ಹುರಿದು, ಆರಿಸಿ, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ, ಮಿಕ್ಸರಿಗೆ ಹಾಕಿ ಒಂದು ಸುತ್ತು ತಿರುಗಿಸಿ ಬಿಡಬೇಕು. ಮತ್ತೊಂದು ಸುತ್ತು, ಮತ್ತೆ ಬಿಡಬೇಕು. ಪುಡಿ ಸಣ್ಣಗಾಗಬೇಕು, ಆದರೆ ಎಣ್ಣೆ ಬಿಡಬಾರದು. ಎಣ್ಣೆ ಬಿಟ್ಟ ಪುಡಿಗೆ ಬೆಲ್ಲ ಕೂಡಿಸಿದರೆ ಹೂರಣ ಜಿಡ್ಡಾಗುತ್ತದೆ, ಲಟ್ಟಿಸುವಾಗ ಕಣಕ ಹರಿಯುತ್ತದೆ, ಡಬ್ಬಿಯಲ್ಲಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಕಳಸಾಪುರದ ನನ್ನ ತವರಿನಲ್ಲಿ ಅವ್ವ ಇದನ್ನು ಒರಳಲ್ಲಿ ಕುಟ್ಟುತ್ತಿದ್ದಳು. ನಾನು ಒಂದು ಪೆಟ್ಟು ಹೆಚ್ಚು ಹಾಕಿದರೆ ಕೈಮೇಲೆ ಪಟ್ಟೆಂದು ಹೊಡೆಯುತ್ತಿದ್ದಳು. ಹಾಗೆ ಹೊಡೆಸಿಕೊಂಡು ಕಲಿತದ್ದು ಇವತ್ತಿಗೂ ಕೈಯಲ್ಲಿ ಉಳಿದಿದೆ.

ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಬೆಟಗೇರಿಯವಳು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳಿಗೆ ಅಡುಗೆ ಅಷ್ಟಕ್ಕಷ್ಟೇ. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು, ಸಾರಿಗೆ ಉಪ್ಪು ಹಾಕಿ ಮರೆತು ಮತ್ತೆ ಹಾಕುತ್ತಿದ್ದಳು. ತಪ್ಪಾದಾಗಲೆಲ್ಲ ಓಡಿಬಂದು ನನ್ನನ್ನು ಕೇಳುತ್ತಿದ್ದಳು. ಆಗ ಅವಳನ್ನು ಕಂಡರೆ ನನಗೆ ಬಹಳ ಪ್ರೀತಿ. ಸ್ವಂತ ತಂಗಿ ಇದ್ದಿದ್ದರೂ ಅಷ್ಟು ಅಕ್ಕರೆ ಮಾಡುತ್ತಿರಲಿಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಇಬ್ಬರು ಸೊಸೆಯಂದಿರು, ಒಬ್ಬ ಅತ್ತೆ, ಒಂದೇ ಅಡುಗೆಮನೆ; ಎಲ್ಲವೂ ಸುಖವಾಗಿಯೇ ಇತ್ತು.

ಆಗ ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಉಪ್ಪಿಟ್ಟು ಕೊಟ್ಟರೆ ಅರ್ಧ, ಅವಲಕ್ಕಿ ಕೊಟ್ಟರೆ ಕಾಲು, ರೊಟ್ಟಿಯನ್ನಂತೂ ತಟ್ಟೆಯಲ್ಲಿ ಅಲ್ಲಿಂದಿಲ್ಲಿಗೆ ಸರಿಸಿ ಬಸ್ಸು ಬಂತು ಎಂದು ಎದ್ದುಬಿಡುತ್ತಿದ್ದಳು. ನಾನು ಬಾಗಿಲವರೆಗೂ ತುತ್ತು ಹಿಡಿದುಕೊಂಡು ಬೆನ್ನು ಹತ್ತುತ್ತಿದ್ದೆ. ಬೈಯುತ್ತಿದ್ದೆ ನಿಜ, ಆದರೆ ಆ ಬೆನ್ನು ಹತ್ತುವುದು ನನ್ನ ಪಾಲಿನದು ಎಂಬ ಸಮಾಧಾನವೂ ಇತ್ತು. ಅವಳಿಗೆ ಉಣಿಸುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸರು ನಿಲ್ಲದೆ ಕೂಗತೊಡಗಿತು. ನೆಗೆಣ್ಣಿ ಹುರಿದ ಶೇಂಗಾ ಹಾಕಿ ತಿರುಗಿಸುತ್ತಿದ್ದಳು. ಪುಡಿಯಾಯಿತು, ನಿಲ್ಲಿಸಲಿಲ್ಲ. ಎಣ್ಣೆ ಬಿಟ್ಟು ಮುದ್ದೆಯಾಯಿತು, ಆಗಲೂ ನಿಲ್ಲಿಸಲಿಲ್ಲ. ಶೇಂಗಾ ಕೆಡಿಸುತ್ತೀ ಎಂದು ಹಿಂದಿನಿಂದ ಕೂಗಿ ಹೇಳಿದೆ. ಅವಳು ನಕ್ಕು, ಸ್ವಲ್ಪ ತಡೆಯಿರಿ ಎಂದಳು. ಮುದ್ದೆ ಸಡಿಲಾಗಿ, ಹೊಳೆಯುವ ತೆಳ್ಳನೆಯ ಬೆಣ್ಣೆಯಾಯಿತು. ಅದಕ್ಕೆ ಒಂದು ಚಿಟಿಕೆ ಉಪ್ಪು, ಒಂದಿಷ್ಟು ಬೆಲ್ಲದ ಪುಡಿ. ಪೀನಟ್ ಬಟರ್ ಅಂತೆ, ಫೋನಿನಲ್ಲಿ ನೋಡಿ ಕಲಿತಳಂತೆ. ಚಪಾತಿಗೆ ಅದನ್ನು ಸವರಿ, ಮೇಲೆ ಬಾಳೆಹಣ್ಣು ಕೊಯ್ದಿಟ್ಟು, ಸುರುಳಿ ಸುತ್ತಿ ನನ್ನ ಮಗಳ ಕೈಗೆ ಕೊಟ್ಟಳು. ಮಗಳು ನಿಂತಲ್ಲೇ ತಿಂದಳು. ಇನ್ನೊಂದು ಕೇಳಿದಳು. ಅದನ್ನೂ ತಿಂದಳು. ಬೆರಳು ಚೀಪುತ್ತ, ಚಿಗವ್ವಾ ನಾಳೆಯೂ ಇದನ್ನೇ ಮಾಡು ಎಂದು ಹೇಳಿ ಬಸ್ಸಿಗೆ ಓಡಿದಳು. ಅವತ್ತು ನಾನು ಬೆನ್ನು ಹತ್ತುವ ಕೆಲಸವಿರಲಿಲ್ಲ.

ಸಂತೋಷಪಡಬೇಕಾದ ವಿಷಯ. ಹುಡುಗಿ ಹೊಟ್ಟೆ ತುಂಬ ತಿಂದು ಹೋದಳು, ತಾಯಿಯಾದವಳಿಗೆ ಇನ್ನೇನು ಬೇಕು? ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ತುತ್ತು ಹಿಡಿದು ಓಡಾಡಿದವಳು ನಾನು, ಒಂದೇ ಬೆಳಿಗ್ಗೆಯಲ್ಲಿ ಗೆದ್ದವಳು ಅವಳು. ಅದೂ ಎಂಥದರಿಂದ? ನನ್ನ ಅವ್ವ ಯಾವುದಕ್ಕೆ ಕೈಮೇಲೆ ಹೊಡೆಯುತ್ತಿದ್ದಳೋ ಅದರಿಂದ. ಕೆಟ್ಟುಹೋದ ಹೂರಣವನ್ನು ಡಬ್ಬಿಯಲ್ಲಿ ತುಂಬಿ ಇಂಗ್ಲಿಷ್ ಹೆಸರಿಟ್ಟರೆ ಮನೆಮಂದಿಯೆಲ್ಲ ಚಪ್ಪರಿಸುತ್ತಾರೆ ಎಂದು ಪಾತ್ರೆ ತಿಕ್ಕುತ್ತ ನನ್ನಷ್ಟಕ್ಕೆ ಅಂದುಕೊಂಡೆ. ಪಾತ್ರೆಗಳು ಅವತ್ತು ಬಹಳ ಸಪ್ಪಳ ಮಾಡಿದವು.

ಆಮೇಲೆ ಅದು ನಿಲ್ಲಲಿಲ್ಲ. ಒಂದು ವಾರ ಓಟ್ಸ್ ಗಂಜಿಗೆ ಹಾಲು ಹಾಕಿ ಮೇಲೊಂದು ಚಮಚ ಶೇಂಗಾ ಬೆಣ್ಣೆ, ಇನ್ನೊಂದು ವಾರ ಖರ್ಜೂರದ ಜತೆ ನಾದಿ ಉಂಡೆ, ಮತ್ತೊಮ್ಮೆ ಸೇಬಿನ ಹೋಳುಗಳಿಗೆ ಸವರಿ ಮೇಲೆ ಹುರಿದ ಎಳ್ಳು. ಮೈದುನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವನೇ ಅದನ್ನೇ ಕೇಳುತ್ತಿದ್ದ. ಶಕ್ತಿ ಬರುತ್ತದಂತೆ. ನನ್ನ ಗಂಡನಿಗೆ ಬೀಜ ಗೊಬ್ಬರದ ಅಂಗಡಿ. ದಿನವಿಡೀ ಹಿರೇವಡ್ಡಟ್ಟಿಯಿಂದ ಬರುವ ರೈತರ ಜತೆ ಶೇಂಗಾ ಬೀಜದ ಮಾತಾಡಿ ಬಂದ ಮನುಷ್ಯ, ಮನೆಗೆ ಬಂದು ಶೇಂಗಾ ಬೆಣ್ಣೆಯನ್ನು ಹೊಸದಾಗಿ ಕಂಡವರ ಹಾಗೆ ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ತಿಳಿದಾಗ ಸಮಾಧಾನ ಮಾಡಲು ಹೋಗಿ ಒಂದು ಮಾತು ಹೇಳಿದರು.

"ನಿನ್ನ ಹೋಳಿಗಿ ಹಬ್ಬಕ್ಕ, ಆಕಿದು ದಿನಾ ತಿನ್ನಾಕ."

ಅದು ಹೊಗಳಿಕೆ ಎಂದೇ ಅವರ ತಿಳುವಳಿಕೆ. ನನ್ನನ್ನು ಅಟ್ಟದ ಮೇಲೆ ಏರಿಸಿ ಏಣಿ ತೆಗೆದ ಹಾಗಾಯಿತು. ಹಬ್ಬ ವರ್ಷಕ್ಕೆ ಎಷ್ಟು ಬರುತ್ತವೆ? ಬೆಳಗು ದಿನವೂ ಆಗುತ್ತದೆ. ಅವತ್ತಿನಿಂದ ಸುಮಾರು ದಿನ ಅವರಿಗೆ ಚಹಾ ಸಕ್ಕರೆ ಕಡಿಮೆಯಾಗಿ ಸಿಕ್ಕಿತು.

ನೆಗೆಣ್ಣಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಬೀಗಲಿಲ್ಲ, ಚುಚ್ಚಲಿಲ್ಲ. ಮೊದಲ ಚಮಚ ನನಗೇ ತಂದುಕೊಟ್ಟು, ಉಪ್ಪು ಸರಿಯಾಗಿದೆಯೇ ನೋಡಿ ಎನ್ನುತ್ತಿದ್ದಳು. ನಾನು ಏಕಾದಶಿ ಎಂದೋ, ಹಲ್ಲು ನೋವು ಎಂದೋ ಹೇಳಿ ದಾಟಿಸುತ್ತಿದ್ದೆ. ಕಲಿಸಿಕೊಡಲೇ ಎಂದು ಒಂದು ಸಲ ಕೇಳಿಯೂ ಬಿಟ್ಟಳು. ಶೇಂಗಾದ ವಿಷಯದಲ್ಲಿ ಅವಳಿಂದ ನಾನು ಕಲಿಯಬೇಕೇ? ಕೇಳಿಸಲಿಲ್ಲ ಎನ್ನುವ ಹಾಗೆ ಹಿತ್ತಲಿಗೆ ಹೋದೆ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಯಾರ ಮುಂದೆಯೂ ಹೇಳಿಕೊಳ್ಳಲು ಬರುವುದಿಲ್ಲ.

ಅಷ್ಟರಲ್ಲಿ ಅವಳ ತವರಿನಿಂದ ಒಂದು ಸಣ್ಣ ಓವನ್ ಬಂತು. ಅಲ್ಲಿಂದ ಬಿಸ್ಕೀಟಿನ ಕಾಲ ಸುರುವಾಯಿತು. ಗೋಧಿ ಹಿಟ್ಟು, ಬೆಲ್ಲ, ಶೇಂಗಾ ಬೆಣ್ಣೆ ಕಲಸಿ ಉಂಡೆ ಮಾಡಿ, ಫೋರ್ಕಿನಿಂದ ಮೇಲೆ ಗೀರು ಹಾಕಿ ಬೇಯಿಸುತ್ತಿದ್ದಳು. ಆ ವಾಸನೆ ಓಣಿಯ ತುದಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಹೆಂಗಸರು ಬಂದು ಓವನ್ನಿನ ಗಾಜಿನಲ್ಲಿ ಇಣುಕಿ ನೋಡುತ್ತಿದ್ದರು. ಮೊದಲು ಅದೇ ಹೆಂಗಸರು ನನ್ನ ಹಂಚಿನ ಸುತ್ತ ನಿಲ್ಲುತ್ತಿದ್ದರು. ಬಾಳೆಹಣ್ಣು ಕಿವುಚಿ ಹಾಕಿ ಕೇಕು ಮಾಡಿದ ದಿನ ನನ್ನ ಮಗಳು ಅದರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು, ಕೆಳಗೆ ಚಿಗವ್ವ ಎಂದು ಬರೆದು ಒಂದು ಕೆಂಪು ಹೃದಯ. ನನ್ನ ಹೋಳಿಗೆಗೆ ಯಾವತ್ತಾದರೂ ಸ್ಟೇಟಸ್ ಭಾಗ್ಯ ಬಂದಿತ್ತೇ ಎಂದು ನೆನಪು ಮಾಡಿಕೊಂಡೆ. ಬಂದಿರಲಿಲ್ಲ.

ನಾನು ಸುಮ್ಮನೆ ಇರಲಿಲ್ಲ. ಪಂಚಮಿ ಬಂತು. ನಾಗರ ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಏನನ್ನೂ ಸುಡುವುದಿಲ್ಲ. ಅದಕ್ಕೇ ಹಿಂದಿನ ದಿನವೇ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಬರುವುದು, ಉಂಡೆಗಳನ್ನೂ ಮೊದಲೇ ಕಟ್ಟಿಡುವುದು. ಹಬ್ಬದ ದಿನ ಏನಿದ್ದರೂ ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು. ಅಂಥ ದಿನ ನಾನು ಹಾಲೆರೆದು ಬರುವಷ್ಟರಲ್ಲಿ ನೆಗೆಣ್ಣಿ ಓವನ್ನಿನಲ್ಲಿ ಬಿಸ್ಕೀಟಿನ ತಟ್ಟೆ ಇಟ್ಟಿದ್ದಳು. ಮಗಳು ಗೆಳತಿಯರನ್ನು ಕರೆದಿದ್ದಳಂತೆ. ನನಗೆ ಬೇಕಾದದ್ದು ಕೈಗೇ ಸಿಕ್ಕಿತು. ಅತ್ತೆಯವರ ಹತ್ತಿರ ಹೋಗಿ, ನಿಮ್ಮ ಮನೆಯ ಪದ್ಧತಿ ನೀವೇ ನೋಡಿಕೊಳ್ಳಿ, ನಾನೇನೂ ಹೇಳುವುದಿಲ್ಲ ಎಂದು ಹೇಳಬೇಕಾದದ್ದನ್ನೆಲ್ಲ ಹೇಳಿದೆ.

ನಮ್ಮ ಅತ್ತೆಯವರು ಪದ್ಧತಿಯಲ್ಲಿ ಬಹಳ ಗಟ್ಟಿ. ಸೆರಗು ಬಿಗಿದುಕೊಂಡು ಅಡುಗೆಮನೆಗೆ ಬಂದರು. ನೆಗೆಣ್ಣಿಯ ಮುಖ ಇಳಿದುಹೋಯಿತು. ಅವಳು ಹಂಚಿನ ವಿಷಯ ಮರೆತಿರಲಿಲ್ಲ, ಓವನ್ ಅದರಲ್ಲಿ ಬರುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅತ್ತೆಯವರು ಬಾಗಿ ಗಾಜಿನೊಳಗೆ ನೋಡಿದರು. ಬಾಗಿಲು ತೆಗೆಸಿ ನೋಡಿದರು. ಹಿಂದಿನ ವೈರು ಎಲ್ಲಿಗೆ ಹೋಗುತ್ತದೆ ಎಂದು ಅದನ್ನೂ ನೋಡಿದರು. ನಾನು ಕೈಕಟ್ಟಿ ನಿಂತಿದ್ದೆ. ಕೊನೆಗೆ ತೀರ್ಪು ಕೊಟ್ಟರು.

"ಇದರಾಗ ಉರೀನೂ ಇಲ್ಲ, ಹಂಚೂ ಇಲ್ಲ. ಪೆಟ್ಟಿಗ್ಯಾಗ ಇಟ್ಟು ಬೆಚ್ಚಗ ಮಾಡ್ಯಾಳ, ಅಷ್ಟ. ನಾಗಪ್ಪಗ ಇದರಿಂದ ಏನ್ ಆಗೂದಿಲ್ಲ."

ಹೇಳಿ ಒಂದು ಬಿಸ್ಕೀಟು ತೆಗೆದುಕೊಂಡು ಹಾಲಿನಲ್ಲಿ ಅದ್ದಿ, ಹಲ್ಲಿಲ್ಲದ ಬಾಯಲ್ಲಿ ಕರಗಿಸಿ ತಿಂದರು. ಇನ್ನೊಂದು ತೆಗೆದುಕೊಂಡರು. ನಾನು ಕಟ್ಟಿದ ಶೇಂಗಾ ಉಂಡೆ ಗಟ್ಟಿ, ಅವರಿಗೆ ಅಗಿಯಲು ಬರುವುದಿಲ್ಲ ಎಂದು ಆಗಲೇ ನನಗೆ ಗೊತ್ತಾದದ್ದು. ಎಷ್ಟೋ ಪಂಚಮಿಗಳಿಂದ ಬರೀ ಕೈಯಲ್ಲಿ ಹಿಡಿದು, ಆಮೇಲೆ ತಿನ್ನುತ್ತೇನೆ ಎನ್ನುತ್ತಿದ್ದರು. ನೆಗೆಣ್ಣಿ ನನ್ನ ಕಡೆ ನೋಡಿ ತಪ್ಪಿಸಿಕೊಂಡವಳ ಹಾಗೆ ನಕ್ಕಳು. ನಾನೂ ನಕ್ಕೆ. ಆ ನಗು ನಗಲು ನನಗೆಷ್ಟು ತ್ರಾಸಾಯಿತು ಎಂದು ದೇವರಿಗೇ ಗೊತ್ತು.

ಮಗಳಿಗೆ ಲಕ್ಷ್ಮೇಶ್ವರದ ಸಂಬಂಧ ಕೂಡಿಬಂತು. ಒಳ್ಳೆಯ ಮನೆ, ಮಾತು ಕಡಿಮೆ ಆಡುವ ಅಳಿಯ. ಕಳಿಸುವ ದಿನ ಎಲ್ಲ ತಾಯಂದಿರಂತೆ ನಾನೂ ಕಣ್ಣೀರು ಹಾಕಿದೆ. ಆದರೆ ಅಳುವಿನ ಕೆಳಗೆ ಒಂದು ಸಮಾಧಾನ ಕೂತಿತ್ತು, ಅದನ್ನು ಬಚ್ಚಿಟ್ಟು ಏನು ಮಾಡಲಿ? ಲಕ್ಷ್ಮೇಶ್ವರದಲ್ಲಿ ಚಿಗವ್ವ ಇಲ್ಲ, ಚಿಗವ್ವನ ಡಬ್ಬಿ ಇಲ್ಲ. ತವರಿನಿಂದ ಹೋಗುವುದು ಬುತ್ತಿ, ಬುತ್ತಿ ಎಂದರೆ ಹೋಳಿಗೆ, ಹೋಳಿಗೆ ಎಂದರೆ ನಾನು. ಅತ್ತ ಕಡೆ ಹೋಗುವ ಯಾರು ಸಿಕ್ಕರೂ ಅವರ ಕೈಯಲ್ಲಿ ಹೋಳಿಗೆಯ ಡಬ್ಬಿ ಕಳಿಸುತ್ತಿದ್ದೆ. ಫೋನು ಮಾಡಿ ತಿಂದೆಯಾ ಎಂದು ಕೇಳುತ್ತಿದ್ದೆ. ತಿಂದೆ ಅವ್ವಾ, ಬಹಳ ಚೆನ್ನಾಗಿತ್ತು ಎನ್ನುತ್ತಿದ್ದಳು.

ಮದುವೆಯ ಮರುವರ್ಷ ಅವಳು ಬಸುರಿ ಎಂದು ಖಬರು ಬಂತು. ನಮ್ಮ ಕಡೆ ಮೂರನೆಯ ತಿಂಗಳಲ್ಲಿ ಕಳ್ಳ ಕುಬಸ ಎಂದು ಮಾಡುತ್ತಾರೆ. ಊರಿಗೆಲ್ಲ ಸಾರುವ ದೊಡ್ಡ ಕುಬಸ ಆಮೇಲೆ, ಇದು ಗದ್ದಲವಿಲ್ಲದ್ದು. ತವರಿನಿಂದ ಒಬ್ಬಿಬ್ಬರು ಹೋಗಿ, ಹಸಿರು ಕುಬಸ, ಅಂದರೆ ರವಿಕೆ, ಕೊಟ್ಟು ಉಡಿ ತುಂಬಿ, ಬಸುರಿಗೆ ಏನು ಬಯಕೆಯೋ ಅದರ ಬುತ್ತಿ ಬಿಚ್ಚಿ ಉಣಿಸಿ ಬರುವುದು. ಮೊದಲ ತುತ್ತು ತಾಯಿಯದು. ನಾನು ಬಸುರಿಯಾದಾಗ ನನ್ನ ಅವ್ವ ಕಳಸಾಪುರದಿಂದ ಹಾಗೇ ಬಂದಿದ್ದಳು. ನಾನು ಆ ತುತ್ತನ್ನು ಕೊಡುವ ದಿನಕ್ಕಾಗಿ ಕಾಯುತ್ತಿದ್ದೆ. ಫೋನಿನಲ್ಲಿ ಏನು ಬಯಕೆ ಎಂದು ಮಗಳನ್ನು ಕೇಳಿದೆ. ಏನೂ ಇಲ್ಲ, ನೀನು ಏನು ತಂದರೂ ತಿನ್ನುತ್ತೇನೆ ಎಂದಳು. ಧ್ವನಿ ಸಣ್ಣದಾಗಿತ್ತು, ಬಸುರಿಯ ದಣಿವು ಎಂದುಕೊಂಡೆ.

ಒಂದೆರಡು ದಿನ ಬಿಟ್ಟು ಬೀಗಿತ್ತಿ, ಅಂದರೆ ಮಗಳ ಅತ್ತೆ, ಫೋನು ಮಾಡಿದರು. ಹುಡುಗಿಯ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲವಂತೆ. ತಿಂದದ್ದೆಲ್ಲ ವಾಂತಿ. ತೂಕ ಇಳಿದಿದೆ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಬೇಕಾಗುತ್ತದೆ, ಮನಸ್ಸಿಗೆ ಬಂದದ್ದು ಏನಾದರೂ ಸರಿ ಮೊದಲು ಹೊಟ್ಟೆಗೆ ಹೋಗಲಿ ಎಂದು ಡಾಕ್ಟರು ಹೇಳಿದ್ದಾರಂತೆ. ಬೀಗಿತ್ತಿ ಸಂಕೋಚದಿಂದ ಇನ್ನೊಂದು ಮಾತು ಹೇಳಿದರು.

"ನಿಮ್ಮ ಮನ್ಯಾಗ ಶೇಂಗಾದ ಬೆಣ್ಣಿ ಮಾಡ್ತಾರಂತಲ್ರಿ, ಬರಬೇಕಾದ್ರ ಅದನ್ನ ಒಂದೀಟು ತರ್ರಿ. ಆಕಿ ಗಂಡನ ಮುಂದ ಅದನ್ನ ನೆನಸಿದ್ಲಂತ."

ಮಗಳ ಚಿಂತೆ ಒಂದು ಕಡೆ ಇರಲಿ. ಆ ಮಾತು ಬಿದ್ದ ಜಾಗವೇ ಬೇರೆ. ಬಯಕೆಯನ್ನು ಗಂಡನಿಗೆ ಹೇಳಿದ್ದಾಳೆ, ಅತ್ತೆಗೆ ಗೊತ್ತಾಗಿದೆ, ನನಗೆ ಇಲ್ಲ. ಅದೂ ಯಾವ ಬಯಕೆ? ತವರಿನ ಬುತ್ತಿಯಲ್ಲಿ ನಾನು ಮಾಡುವ ಎಲ್ಲವನ್ನೂ ಬಿಟ್ಟು ಅದೊಂದೇ. ಎರಡು ಮನಸ್ಸು ಒಟ್ಟಿಗೆ ಎಳೆದವು. ಮಗಳು ಉಣ್ಣಬೇಕು, ಯಾವುದನ್ನಾದರೂ ಉಣ್ಣಬೇಕು. ಆದರೆ ಉಣ್ಣುವುದು ನನ್ನ ಕೈಯದಾಗಿರಬೇಕು. ಹಾಗಾದರೆ ಆ ಬೆಣ್ಣೆಯನ್ನು ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಹೋಳಿಗೆ ಮಾಡುವವಳಿಗೆ ಅದೇನು ಮಹಾ ವಿದ್ಯೆ?

ನೆಗೆಣ್ಣಿ ತವರಿಗೆ ಹೋದ ದಿನ ನೋಡಿ ಶೇಂಗಾ ಹುರಿದೆ. ಹುರಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಈಗಲೂ ಹೇಳುತ್ತೇನೆ. ಸಿಪ್ಪೆ ಹಾರಿಸಿ ಮಿಕ್ಸರಿಗೆ ಹಾಕಿ ಗುಂಡಿ ತಿರುಗಿಸಿದೆ. ಪುಡಿಯಾಯಿತು. ಕೈ ತಾನೇ ನಿಲ್ಲಿಸಿತು. ನಿಲ್ಲಿಸಬಾರದು ಎಂದು ಮತ್ತೆ ಹಚ್ಚಿದೆ. ಅಂಚಿನಲ್ಲಿ ಎಣ್ಣೆಯ ಹೊಳಪು ಕಂಡ ಕೂಡಲೇ ಕೈ ಮತ್ತೆ ಹಿಂದಕ್ಕೆ ತಿರುಗಿಸಿಬಿಟ್ಟಿತು. ಅತ್ತೆಯವರು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. ನಾನು ಬಲಗೈ ಬಿಟ್ಟು ಎಡಗೈಯಲ್ಲಿ ತಿರುಗಿಸಿದೆ. ಅದೂ ನಿಲ್ಲಿಸಿತು. ಇಷ್ಟು ವರ್ಷ ಯಾವುದು ಆಗಬಾರದು ಎಂದು ಕಾಯ್ದೆನೋ, ಅದು ಆಗಲಿ ಎಂದು ನೋಡುತ್ತ ನಿಲ್ಲಲು ನನ್ನಿಂದ ಆಗಲೇ ಇಲ್ಲ.

ಮಿಕ್ಸರಿನಲ್ಲಿ ಗಟ್ಟಿ ಮುದ್ದೆಯೊಂದು ಕೂತಿತ್ತು. ನಮ್ಮ ಅಡುಗೆಮನೆಯಲ್ಲಿ ರುಬ್ಬುವುದು ಗಟ್ಟಿಯಾದರೆ ಏನು ಮಾಡುತ್ತಾರೆ? ನೀರು ಹಾಕುತ್ತಾರೆ. ಹಾಕಿದೆ. ಸಡಿಲಾಗುವ ಬದಲು ಅದು ಇನ್ನೂ ಬಿಗಿದು, ಬೆಳ್ಳಗೆ ಬಿಳಿಚಿಕೊಂಡು ಅಲಗಿಗೆ ಹತ್ತಿಕೊಂಡಿತು. ಇನ್ನಷ್ಟು ಹಾಕಿದೆ. ಮಿಕ್ಸರು ನರಳಿ ಸುಟ್ಟ ವಾಸನೆ ಬಿಟ್ಟಿತು. ಸಿಟ್ಟಿನಿಂದ ಅದನ್ನು ತೋಡಿ ತೆಗೆದು, ಬೆಲ್ಲ ಕೂಡಿಸಿ, ಏನಾದರೂ ಒಂದು ಆಗಲಿ ಎಂದು ಉಂಡೆ ಕಟ್ಟಿಬಿಟ್ಟೆ. ಅತ್ತೆಯವರು ಒಂದನ್ನು ಬಾಯಿಗೆ ಹಾಕಿಕೊಂಡು, ಈ ಸಲದ ಉಂಡೆ ಬಹಳ ಮೆತ್ತಗಾಗಿವೆ, ಇನ್ನು ಮುಂದೆ ಹೀಗೇ ಮಾಡು ಎಂದರು. ನನಗೆ ಅಳು ಬಂತು.

ಸಂಜೆ ಬಂದ ನೆಗೆಣ್ಣಿ ಹುರಿದ ಶೇಂಗಾದ ವಾಸನೆ ಹಿಡಿದಳು, ಸುಟ್ಟು ಕೆಟ್ಟು ಕೂತ ಮಿಕ್ಸರನ್ನೂ ನೋಡಿದಳು. ಅತ್ತೆಯವರು ಅವಳಿಗೆ ಎಲ್ಲ ಹೇಳಿರಬೇಕು. ಮರುದಿನ ಬೆಳಿಗ್ಗೆ ನನ್ನ ಹೋಳಿಗೆಯ ಸ್ಟೀಲ್ ಡಬ್ಬಿಯ ಪಕ್ಕದಲ್ಲಿ ಒಂದು ಗಾಜಿನ ಭರಣಿ ತುಂಬ ಶೇಂಗಾ ಬೆಣ್ಣೆ, ಒಂದು ಡಬ್ಬಿ ಬಿಸ್ಕೀಟು ಕೂತಿದ್ದವು. ಪಕ್ಕದ ಮನೆಯ ಮಿಕ್ಸರಿನಲ್ಲಿ ಮಾಡಿಕೊಂಡು ಬಂದಿದ್ದಳು. ಬುತ್ತಿಯ ಜತೆ ಇದನ್ನೂ ಒಯ್ಯಿರಿ ಎಂದಳು. ಚೀಲದಲ್ಲಿ ಜಾಗ ಇದ್ದರೆ ನೋಡುತ್ತೇನೆ ಎಂದೆ. ತಾನೂ ಬರಲೇ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಹೊಸ ಸೀರೆ ತೆಗೆದು ಇಸ್ತ್ರಿ ಮಾಡಿಟ್ಟಿದ್ದನ್ನು ನಾನು ಕಂಡಿದ್ದೆ. ಅತ್ತೆಯವರೊಬ್ಬರೇ ಮನೆಯಲ್ಲಿ ಆಗುತ್ತಾರೆ, ಕಳ್ಳ ಕುಬಸಕ್ಕೆ ಬಹಳ ಮಂದಿ ಹೋಗಬಾರದು ಎಂದು ನಾನೇ ಮೊದಲು ಹೇಳಿಬಿಟ್ಟೆ. ನೆಪ ಗಟ್ಟಿಯಾಗಿತ್ತು. ಅವಳು ತಲೆಯಾಡಿಸಿದಳು, ಸೀರೆ ಮತ್ತೆ ಟ್ರಂಕು ಸೇರಿತು.

ನಾನೂ ನನ್ನ ಗಂಡನೂ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಚೀಲ ನನ್ನ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಬಿಸ್ಕೀಟಿನ ವಾಸನೆ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ಮೂಗು ಏರಿಸಿ, ಏನು ಒಯ್ಯುತ್ತಿದ್ದೀರಿ, ಬಹಳ ಛಲೋ ವಾಸನೆ ಎಂದಳು. ಹೋಳಿಗೆ ಎಂದೆ. ಶಿರಹಟ್ಟಿಯಲ್ಲಿ ಅವಳು ಇಳಿದು ಹೋದ ಮೇಲೆ ನನಗೆ ಉಸಿರಾಡಲು ಸುಲಭವಾಯಿತು.

ಲಕ್ಷ್ಮೇಶ್ವರ ಮುಟ್ಟಿ ನೋಡಿದರೆ ಮಗಳ ಗುರುತೇ ಹತ್ತಲಿಲ್ಲ. ಗಲ್ಲ ಒಳಗೆ ಹೋಗಿದ್ದವು, ಬಳೆಗಳು ಮುಂಗೈಯಿಂದ ಮೊಣಕೈವರೆಗೆ ಜಾರುತ್ತಿದ್ದವು. ಹಸಿರು ಕುಬಸ ಕೊಟ್ಟು, ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿದೆವು. ಗಂಡಸರು ಹೊರಗಿನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಹೋಳಿಗೆಯ ಡಬ್ಬಿ ಬಿಚ್ಚಿ, ಒಂದು ಚೂರು ಮುರಿದು, ತುಪ್ಪದಲ್ಲಿ ಅದ್ದಿ ಅವಳ ಬಾಯಿಗೆ ಇಟ್ಟೆ. ಅವಳು ನನ್ನ ಮುಖ ನೋಡುತ್ತಲೇ ನುಂಗಿದಳು. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ತುತ್ತಿಗೂ ಬಾಯಿ ತೆರೆದಳು. ಅಷ್ಟರಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಬಚ್ಚಲಿಗೆ ಓಡಿದಳು. ಒಳಗಿನಿಂದ ಕೇಳಿಬಂದ ಸಪ್ಪಳವನ್ನು ನಾನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೇಳಿದೆ.

ಬೀಗಿತ್ತಿ ಅವಳ ಮುಖ ತೊಳೆಸಿ ಕರೆದುಕೊಂಡು ಬಂದು ಕೂರಿಸಿದರು. ನಾನೇ ಚೀಲದ ತಳದಿಂದ ಭರಣಿ ತೆಗೆದೆ. ಬುತ್ತಿಯಲ್ಲಿದ್ದ ಕಡಕ್ ರೊಟ್ಟಿಯ ಚೂರಿಗೆ ಸವರಿ ಕೊಟ್ಟೆ. ಮಗಳು ಅದನ್ನು ಮೊದಲು ಮೂಸಿದಳು. ಆಮೇಲೆ ತುದಿ ಕಚ್ಚಿದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು, ನಾವೆಲ್ಲ ಕಾಯುತ್ತ ಕೂತೆವು. ಅದು ಹೊಟ್ಟೆಯಲ್ಲಿ ನಿಂತಿತು. ಇನ್ನೊಂದು ಚೂರು ಕೇಳಿದಳು, ಮತ್ತೊಂದು ಕೇಳಿದಳು. ಬಿಸ್ಕೀಟು ಒಂದು ತಿಂದಳು. ಬೀಗಿತ್ತಿ ದೇವರ ಕಡೆ ತಿರುಗಿ ಕೈಮುಗಿದರು. ನನಗೆ ಜೀವ ಬಂದಂತಾಯಿತು, ಅದೇ ಗಳಿಗೆಯಲ್ಲಿ ಹೊಟ್ಟೆಯೂ ಉರಿಯಿತು. ಎರಡೂ ಖರೆ, ಒಂದು ಇನ್ನೊಂದಕ್ಕೆ ಜಾಗ ಬಿಟ್ಟುಕೊಡಲಿಲ್ಲ.

ಬೀಗಿತ್ತಿ ಅಡುಗೆಗೆ ಎದ್ದು ಹೋದ ಮೇಲೆ ಒಳಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಇಷ್ಟು ದಿನ ಹಸಿದುಕೊಂಡು ಯಾಕೆ ಕೂತಿದ್ದೆ, ಇದು ಬೇಕು ಎಂದು ನನಗೆ ಒಂದು ಮಾತು ಹೇಳಲು ಏನಾಗಿತ್ತು ಎಂದು ಕೇಳಿದೆ. ಕಳಿಸಿದ ಹೋಳಿಗೆ ಏನಾದವು ಎಂದೂ ಕೇಳಿದೆ. ಹೋಳಿಗೆಯನ್ನು ಮನೆಮಂದಿಗೆ ಕೊಡುತ್ತಿದ್ದಳಂತೆ. ಬಸುರಿ ಆದಾಗಿನಿಂದ ಬಿಸಿ ತುಪ್ಪದ ವಾಸನೆ ಬಂದರೇ ಹೊಟ್ಟೆ ತೊಳಸುತ್ತಿತ್ತಂತೆ. ಫೋನಿನಲ್ಲಿ ತಿಂದೆ ಎಂದದ್ದು ಸುಳ್ಳು. ಮತ್ತೆ ಚಿಗವ್ವನನ್ನಾದರೂ ಕೇಳಬಹುದಿತ್ತಲ್ಲ ಎಂದೆ. ಅವಳು ಉಡಿಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಬೆರಳಲ್ಲಿ ತಿರುಗಿಸತೊಡಗಿದಳು.

"ನಿನಗ ಕೆಟ್ಟ ಅನಸ್ತೈತಿ ಅಂತ ಕೇಳಲಿಲ್ಲ ಅವ್ವಾ. ಕಾಲೇಜಿಗೆ ಹೋಗೂ ಮುಂದ ನೋಡೀನಲ್ಲ, ನಾ ಅದನ್ನ ತಿಂದು ಹೋದ ದಿನ ನೀ ಹೊಟ್ಟಿ ತುಂಬ ಉಣ್ತಿರಲಿಲ್ಲ."

ನಾನು ಉಣ್ಣುತ್ತಿರಲಿಲ್ಲವೇ? ನನಗೇ ಅದು ಗೊತ್ತಿರಲಿಲ್ಲ. ಪಾತ್ರೆ ಬಡಿದದ್ದು ನೆನಪಿತ್ತು, ಮೂಗು ಮುರಿದದ್ದು ನೆನಪಿತ್ತು. ತಟ್ಟೆ ಮುಂದೆ ಕೂತು ಹಾಗೇ ಎದ್ದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಸ್ಸಿಗೆ ಓಡುವ ಅವಸರದಲ್ಲೂ ಈ ಹುಡುಗಿ ನನ್ನ ತಟ್ಟೆ ನೋಡಿಕೊಂಡು ಹೋಗುತ್ತಿದ್ದಳು. ನನ್ನ ಕಿಚ್ಚು ನನ್ನ ಹೊಟ್ಟೆಯೊಳಗೇ ಇದೆ, ಯಾರಿಗೂ ತಿಳಿಯದು ಎಂದುಕೊಂಡಿದ್ದೆ. ಅದು ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದವರೆಗೆ ಬಂದು ಬಸುರಿ ಮಗಳ ಬಾಯಿ ಕಟ್ಟಿಸಿತ್ತು.

ಅವಳಿಗೆ ಏನು ಹೇಳಲಿ? ಹುಚ್ಚಿ ಎಂದು ಬೈದೆ, ತಲೆ ನೇವರಿಸಿದೆ, ಇನ್ನೊಂದು ಚೂರು ರೊಟ್ಟಿಗೆ ಬೆಣ್ಣೆ ಸವರಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಾಯಿಗೆ ಇಡದೆ ಹಿಡಿದುಕೊಂಡೇ ಕೂತಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಫೋನು ತೆಗೆದು ನೆಗೆಣ್ಣಿಗೆ ಹಚ್ಚಿದೆ. ಹೊಟ್ಟೆಯುರಿ ಆರಿತ್ತು ಎಂದು ಯಾರೂ ತಿಳಿಯಬೇಡಿ. ಉರಿಯುತ್ತಲೇ ಹಚ್ಚಿದೆ. ಅವಳು ಫೋನಿನ ಪಕ್ಕದಲ್ಲೇ ಕೂತಿದ್ದಳೋ ಏನೋ, ಒಂದೇ ರಿಂಗಿಗೆ ಎತ್ತಿದಳು. ತನ್ನ ಭರಣಿಯ ಸುದ್ದಿ ಕೇಳಲಿಲ್ಲ.

"ಅಕ್ಕಾರ, ಹೋಳಿಗಿ ತಿಂದ್ಲೇನ್ರಿ?"

ಹೂಂ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು, ಸಂತೋಷವನ್ನೂ ಪಡುತ್ತಿದ್ದಳು. ಹಿಂದೆ ಮಗಳು ರೊಟ್ಟಿಯ ಚೂರು ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ ಎಂದು ತಿರುಗಿ ನೋಡದೆಯೇ ನನಗೆ ತಿಳಿಯಿತು.

"ಇಲ್ಲ," ಎಂದೆ. "ನೀ ಮಾಡಿದ್ದನ್ನ ತಿಂದ್ಲು. ಇನ್ನೊಂದು ಭರಣಿ ಮಾಡು. ಯಾರ ಕೈಯಾಗೂ ಕೊಟ್ಟು ಕಳಸಬ್ಯಾಡ, ನಾಳಿ ನೀನ ತಗೊಂಡು ಬಾ."

ಆ ಕಡೆ ಟ್ರಂಕಿನ ಮುಚ್ಚಳ ಕಿರುಗುಟ್ಟಿದ್ದು ಕೇಳಿಸಿತು. ನನ್ನ ಬೆನ್ನ ಹಿಂದೆ ಮಗಳು ರೊಟ್ಟಿ ಕಡಿದ ಸಪ್ಪಳವಾಯಿತು.